ಔಲಸ್ ಎಂದು ಕರೆಯಬಾರದು

ರೋಮ್
ನವೆಂಬರ್, ತಿಂಗಳ ನಡುವಿನ ಈಡ್ಸ್ ಕಳೆದ ಮೂರನೆಯ ದಿನ

ಹೆರೆನಿಯಾ ತನ್ನ ಮಗ ಔಲಸನಿಗೆ ಬರೆಯುವುದು.

ನೀನು ಸುಖವಾಗಿದ್ದರೆ ಒಳ್ಳೆಯದು, ನಾನೂ ಸುಖ. ಎಲ್ಲರೂ ಕಾಗದವನ್ನು ಹೀಗೆ ಶುರು ಮಾಡುತ್ತಾರೆ, ಅದಕ್ಕೆ ನಾನೂ ಮಾಡಿದೆ. ಅದರಲ್ಲಿ ಒಂದಕ್ಷರವೂ ನಿಜವಲ್ಲ.

ನೀನು ಮಸ್ಸಿಲಿಯ ಮುಟ್ಟಿದ ಸುದ್ದಿಯನ್ನು ಗ್ರೀಕ್ ವ್ಯಾಪಾರಿ ಲೈಕೋನ್ ತಂದ. ಮೀನಿನ ರಸದ ಜಾಡಿಗಳನ್ನು ಅಡುಗೆಮನೆಯಲ್ಲಿ ಇಳಿಸುತ್ತ, ಗೋಡೆಯ ಕಡೆ ನೋಡಿಕೊಂಡು, "ಅಮ್ಮಾವ್ರೇ, ನೀವು ಕಳ್ಸಿದ ಮಾಲು ದಡ ಸೇರ್ತು. ಸ್ವಲ್ಪ ಬಾಡಿದೆ, ಕೆಟ್ಟಿಲ್ಲ" ಅಂದ. ಆ ಸಂತೋಷಕ್ಕೆ ಬೇಡದ ಜಾಡಿಗಳನ್ನೂ ಕೊಂಡೆ. ಈ ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಮೀನಿನ ರಸವೇ ಗತಿ. ನಮ್ಮ ಕಾಗದಗಳೂ ಅವನ ಕೈಯಲ್ಲೇ ಓಡಾಡಬೇಕು.

ನೀನು ಹೋದ ಮೇಲೆ ಮನೆತನದ ಗಂಡಸರು ನಮ್ಮ ಹಜಾರದಲ್ಲಿ ಸೇರಿದರು. ಹಿರಿಯರ ಮೇಣದ ಮುಖಗಳಿರುವ ಬೀರುಗಳ ಬಾಗಿಲನ್ನೆಲ್ಲ ತೆರೆಸಿದ್ದರು, ಸತ್ತವರೂ ಕೇಳಿಸಿಕೊಳ್ಳಲಿ ಎಂದು. ನಾನು ಕಂಬದ ಹಿಂದೆ ಉಣ್ಣೆ ಹಿಡಿದು ಕೂತೆ. ನಿನ್ನ ಚಿಕ್ಕಪ್ಪ ಸರ್ವಿಯಸ್ ಎದ್ದು ನಿಂತ. ಅವನು ಎದ್ದು ನಿಂತರೆ ಕೂರಿಸುವವರು ಯಾರು?

"ಕಾಲ್ವೇನಿ ಮನೆತನ ಅಂದ್ರೆ ನಿನ್ನೆ ಮೊನ್ನೇದಲ್ಲ. ಇಸ್ಪಾನಿಯದ ಕಾಡುಜನಕ್ಕೆ ಕೋಟೆ ಬಿಟ್ಕೊಟ್ಟು, ಎತ್ತಿನ ಹಾಗೆ ನೊಗದಡಿ ನುಸುಳಿ ಬಂದೋನು ಈ ಮನೇಲಿ ಹಿಂದೆ ಹುಟ್ಟಿರ್ಲಿಲ್ಲ, ಮುಂದೆ ಹುಟ್ಟೋದೂ ಬೇಡ. ಆ ಹೆಸ್ರೇ ಇಲ್ಲಿಗೆ ಮುಗೀಲಿ" ಅಂದ.

ಎಲ್ಲರೂ ನಿನ್ನ ತಂದೆಯ ಮುಖ ನೋಡಿದರು. ಅವರು ಬೀರುಗಳ ಕಡೆ ಒಮ್ಮೆ ನೋಡಿದರು. ಆಮೇಲೆ "ಆಗಲಿ" ಅಂದರು. ಸತ್ತವರ ಹೆಸರು ಸತ್ತವರಿಗೆ ಇರಲಿ. ಬದುಕಿರುವ ಯಾವ ಕಾಲ್ವೇನಿಗೂ, ಮುಂದೆ ಹುಟ್ಟುವವರಿಗೂ, ಔಲಸ್ ಎಂಬ ಹೆಸರು ಕೂಡದು. ಅಷ್ಟೇ ತೀರ್ಮಾನ.

ಬೀರುವಿನಲ್ಲಿ ನೋಡಿದರೆ ಸಾಲಾಗಿ ಔಲಸರೇ. ಒಬ್ಬ ವೆಯಿ ಪಟ್ಟಣದ ಗೋಡೆ ಹತ್ತುವಾಗ ಬಿದ್ದು ಸತ್ತವನು, ಒಬ್ಬ ಸಮ್ನೈಟರ ಈಟಿಗೆ, ಒಬ್ಬ ಸಿಸಿಲಿಯ ಕಡಲಲ್ಲಿ ಹಡಗಿನ ಸಮೇತ. ಕೊನೆಯವರು ನಿನ್ನ ತಾತ, ಕಾನೆಯ ಯುದ್ಧದ ಬಯಲಿನಲ್ಲಿ. ಆಗ ನಿನ್ನ ತಂದೆ ಇನ್ನೂ ಮಗು. ತಮ್ಮ ಅಪ್ಪನ ಮುಖ ಎಂದರೆ ಅವರಿಗೆ ಆ ಮೇಣವೇ, ಬೇರೆ ನೆನಪಿಲ್ಲ. ಅಂಥ ಹೆಸರನ್ನು ಒಂದು "ಆಗಲಿ"ಯಲ್ಲಿ ಹೂತರು. ನಾನು ಬೆಟ್ಟದ ಊರಿನ ಸಣ್ಣ ಮನೆಯಿಂದ ಬಂದವಳು, ದೊಡ್ಡ ಮನೆಯ ಲೆಕ್ಕ ನನಗೆ ತಿಳಿಯದು. ನನಗೆ ಕಾಣುವುದು ಇಷ್ಟೇ: ಅಷ್ಟು ಜನ ಔಲಸರಲ್ಲಿ ಬದುಕಿ ಮನೆಗೆ ಬಂದವನು ನೀನೊಬ್ಬ. ಬಂದವನಿಗೆ ಬಾಗಿಲು ತೆರೆಯಲಿಲ್ಲ. ಹಿತ್ತಿಲ ಗೋಡೆಯ ಮೇಲಿಂದ ನಿನ್ನ ಕೈ ಮುಟ್ಟಿದ್ದೇ ನನ್ನ ಭಾಗ್ಯ. ನಿನ್ನ ಮಗುವಿಗಂತೂ ನೀನು ಬಂದದ್ದೇ ಗೊತ್ತಿಲ್ಲ, ಅಪ್ಪ ಇನ್ನೂ ಇಸ್ಪಾನಿಯದಲ್ಲಿದ್ದಾರೆ ಎಂದುಕೊಂಡಿದೆ.

ಎಲ್ಲರೂ ಏಳುವ ಹೊತ್ತಿಗೆ ಸರ್ವಿಯಸನಿಗೆ ನೆನಪಾಯಿತು. "ಅಣ್ಣ, ಒಳಗಡೆ ಇನ್ನೊಬ್ಬ ಇದಾನಲ್ಲ."

ನಿನ್ನ ಮಗ. ಆರು ವರ್ಷದ ಔಲಸ್. ಅವನನ್ನು ಯಾರೂ ಯೋಚಿಸಿರಲಿಲ್ಲ ನೋಡು. ನಿನ್ನ ತಂದೆ ಹಣೆ ಉಜ್ಜಿಕೊಂಡು, "ಅವನಿಗೆ ನನ್ನ ಹೆಸ್ರು ಇಡಿ" ಅಂದರು. ಅವತ್ತಿನಿಂದ ಅವನು ಟೈಟಸ್.

ಮರುದಿನ ಬೆಳಿಗ್ಗೆ ಅವನು ಹಜಾರದ ನೀರಿನ ತೊಟ್ಟಿಯಲ್ಲಿ ಅಕ್ರೋಟಿನ ಚಿಪ್ಪಿನ ದೋಣಿ ಬಿಡುತ್ತಿದ್ದ. ನಿನ್ನ ತಂದೆ ಬಂದು "ಟೈಟಸ್, ಬಾ ಇಲ್ಲಿ" ಎಂದು ಕರೆದರು. ತಲೆ ಎತ್ತಲಿಲ್ಲ. ಮತ್ತೆ ಕರೆದರು. ಆಗ ನಿನ್ನ ಮಗ ಸುತ್ತ ಮುತ್ತ ನೋಡಿ, "ಯಾರನ್ನ ಕರೀತಿದೀರಿ ತಾತ? ಇಲ್ಲಿ ಯಾರೂ ಇಲ್ಲ, ನಾನೊಬ್ನೇ ಇರೋದು" ಅಂದ.

ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಗುನಗುತ್ತಲೇ ಅಳು ಬಂತು. ಅವನ ತಾಯಿಯನ್ನು ಅವಳಪ್ಪ ಬಂದು ಕರೆದುಕೊಂಡು ಹೋಗಿ ಇನ್ನೊಂದು ಮದುವೆಗೆ ಗಂಡು ನೋಡುತ್ತಿದ್ದಾನೆ. ಈಗ ಅವನಿಗೆ ನಾನು, ನನಗೆ ಅವನು. ಯಾರೂ ಇಲ್ಲದಾಗ ಅವನ ಕಿವಿಯಲ್ಲಿ ಔಲಸ್ ಅನ್ನುತ್ತೇನೆ. ಕಚಗುಳಿಯಿಟ್ಟ ಹಾಗೆ ನಗುತ್ತಾನೆ.

ಗಟ್ಟಿಯಾಗಿರು. ಹೊಟ್ಟೆ ತುಂಬ ಉಣ್ಣು.
ನಿನ್ನ ಅಮ್ಮ


ಮಸ್ಸಿಲಿಯ
ಡಿಸೆಂಬರ್, ಸಾಟರ್ನ್ ಹಬ್ಬದ ಮುನ್ನಾದಿನ

ಅಮ್ಮನಿಗೆ ಔಲಸನ ನಮಸ್ಕಾರ.

ನಿನ್ನ ಕಾಗದ ಓದಿದೆ, ಮತ್ತೆ ಓದಿದೆ. ಅಕ್ರೋಟಿನ ಚಿಪ್ಪಿನ ಜಾಗ ಬಂದಾಗ ನಿಲ್ಲಿಸಿ ಕಡಲ ದಂಡೆಗೆ ಹೋಗಿ ನಿಂತು ಬಂದೆ.

ಇಲ್ಲಿ ನಾನು ಬಂದರಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಗ್ರೀಕರು ನನ್ನ ಹೆಸರು ಕೇಳಿಲ್ಲ, "ರೋಮಿನವ" ಅನ್ನುತ್ತಾರೆ. ಮೀನು ವ್ಯಾಪಾರಿಗಳ ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತೇನೆ. ಕಾಲ್ವೇನಿಗಳಲ್ಲಿ ದುಡಿದು ತಿಂದ ಮೊದಲನೆಯವನೂ ನಾನೇ ಇರಬೇಕು. ಇದು ಚಿಕ್ಕಪ್ಪನ ಕಿವಿಗೆ ಬೀಳದ ಹಾಗೆ ನೋಡಿಕೋ. ನೊಗದ ಸಂಗತಿಯನ್ನೇ ಇನ್ನೂ ಅರಗಿಸಿಕೊಂಡಿಲ್ಲ, ಪಾಪ.

ನೊಗ ಅಂದೆ. ಆ ದಿನದ ಮಾತನ್ನು ನಿನಗೆ ನಾನು ಹೇಳಿಯೇ ಇಲ್ಲ. ಕೋಟೆಯ ಬಾವಿ ಬತ್ತಿತ್ತು. ಹುಡುಗರು ಬೆಳಗಾಗೆದ್ದು ಗುರಾಣಿಗಳ ಮೇಲಿನ ಇಬ್ಬನಿ ನೆಕ್ಕುತ್ತಿದ್ದರು. ಇಸ್ಪಾನಿಯದವರು ಹೇಳಿ ಕಳಿಸಿದರು: ಆಯುಧ ಇಟ್ಟು ನೊಗದಡಿ ಹೋಗಿ, ಜೀವ ಉಳಿಸುತ್ತೇವೆ. ನೆಲಕ್ಕೆ ಎರಡು ಭರ್ಜಿ ನೆಟ್ಟು ಮೇಲೊಂದು ಅಡ್ಡ ಕಟ್ಟಿದ್ದರು. ನಾನೇ ಮೊದಲು ಹೋದೆ. ಹಿಂದಿದ್ದ ಹಳೆಯ ಸಿಪಾಯಿಯೊಬ್ಬ, "ದಣೀ, ತಲೆ ಇನ್ನೊಂಚೂರು ಬಗ್ಸಿ, ನಿಮ್ದು ಎತ್ತರ ಜಾಸ್ತಿ" ಅಂದ. ನನಗೆ ನಗು ಬಂತು. ದೇವರಾಣೆ ನಗು ಬಂತು ಅಮ್ಮ. ಹಳ್ಳಿಯಲ್ಲಿ ಎತ್ತುಗಳು ದಿನಾ ಹೊರುವುದು ಅದನ್ನೇ, ಯಾವ ಎತ್ತಿನ ಮಾನವೂ ಹೋದದ್ದನ್ನು ನಾನು ಕಂಡಿಲ್ಲ. ಆ ಹುಡುಗರೆಲ್ಲ ಈಗ ಅವರವರ ಹೊಲದಲ್ಲಿ ಉಳುತ್ತಿದ್ದಾರೆ. ಮತ್ತೆ ಅಂಥ ದಿನ ಬಂದರೆ ಮತ್ತೆ ತಲೆ ಬಗ್ಗಿಸುತ್ತೇನೆ. ಅಪ್ಪನಿಗೆ ಬೇಕಾದರೆ ಇದನ್ನು ಓದಿ ಹೇಳು.

ಬೀರುವಿನಲ್ಲಿ ನನ್ನ ಮುಖ ಇಡುವುದು ಬೇಡ. ನನ್ನನ್ನು ಮಗ ಅನ್ನುವುದೂ ಬೇಡ. ನಾನು ಬೇಡುವುದು ಒಂದೇ. ನನ್ನ ಮಗನ ಹೆಸರು ಬಿಡಿಸಬೇಡ. ಹುಟ್ಟಿದ ಒಂಬತ್ತನೆಯ ದಿನ ನನ್ನ ಕೈಯಾರೆ ಅವನ ಕೊರಳಿಗೆ ತಾಯಿತ ಕಟ್ಟಿ ಆ ಹೆಸರು ಕರೆದವನು ನಾನು. ಅವನಿಗೆ ನಾನು ಕೊಟ್ಟದ್ದು ಅದಿಷ್ಟೇ, ಮಿಕ್ಕದ್ದೆಲ್ಲ ಅವನ ತಾತನದು. ಅವನೊಬ್ಬ ಆ ಹೆಸರಿಗೆ ಓಗೊಡುವವರೆಗೆ ನಾನು ಇದ್ದೇನೆ ಎಂದು ಲೆಕ್ಕ. ಕಿವಿಯಲ್ಲಿ ಹೇಳುತ್ತಿರು ಅಮ್ಮ. ಮರೆಯಲು ಬಿಡಬೇಡ.

ಚಳಿಗಾಲಕ್ಕೆ ಹಡಗುಗಳು ನಿಂತಿವೆ. ಇದು ಲೈಕೋನನ ಆಳಿನ ಕೈಯಲ್ಲಿ ದಂಡೆಯ ದಾರಿ ಹಿಡಿದು ಬರುತ್ತದೆ, ತಡವಾಗುತ್ತದೆ.

ನಿನ್ನ ಮಗ
ಔಲಸ್


ರೋಮ್
ಜನವರಿ, ಈಡ್ಸ್ ಕಳೆದ ಆರನೆಯ ದಿನ

ಹೆರೆನಿಯಾ ತನ್ನ ಔಲಸನಿಗೆ.

ನಿನ್ನ ಕಾಗದ ನಿನ್ನೆ ಬಂತು. ಆಗಲಿ, ನಿನ್ನ ಮಾತು ಉಳಿಸುತ್ತೇನೆ ಎಂದು ಬರೆಯಲು ಕೂತವಳು ನಾನು. ಆದರೆ ಅತ್ತ ದರಿ ಇತ್ತ ಪುಲಿ ಆಗಿದೆ. ಮೊದಲಿಂದ ಹೇಳುತ್ತೇನೆ.

ನಿನ್ನ ಮಗನ ಹಟ ನಿನ್ನದೇ. ಅಡುಗೆಯವಳು ಟೈಟಸ್ ಎಂದು ಕರೆದು ಗಂಜಿಯ ಮೇಲೆ ಜೇನು ಸುರಿದುಕೊಟ್ಟರೂ ತಿರುಗಲಿಲ್ಲ. ಜೇನಿಗೆ ಪ್ರಾಣ ಬಿಡುವ ಹುಡುಗ, ತಣ್ಣಗಾಗುವ ತನಕ ಬಟ್ಟಲನ್ನೇ ನೋಡುತ್ತ ಕೂತ. ಪಾಠದ ಮೇಷ್ಟ್ರು ಗ್ರೀಕಿನಲ್ಲಿ ಕರೆದು ನೋಡಿದರು. ಸರ್ವಿಯಸ್ ಬೆತ್ತ ತೋರಿಸಿದ. ಅದಕ್ಕೆ ಇವನು, "ನೀವು ಹೊಡೀಬೇಕಾಗಿರೋದು ಟೈಟಸ್‌ಗೆ ಚಿಕ್ಕತಾತ, ನಂಗ್ಯಾಕೆ?" ಅಂದ. ಆಳುಗಳು ನಗು ತಡೆಯಲಾರದೆ ಹಿತ್ತಿಲಿಗೆ ಓಡಿದರು.

ಹೊಸ ವರ್ಷದ ದಿನ ನೆಂಟರೆಲ್ಲ ಬಂದಿದ್ದರು. ನಿನ್ನ ತಂದೆ ಅವನನ್ನು ಹತ್ತಿರ ಕೂರಿಸಿಕೊಂಡು ಮೆತ್ತಗೆ ಹೇಳಿದರು: "ಈ ಮನೇಲಿ ಔಲಸ್ ಅನ್ನೋರು ಯಾರೂ ಇಲ್ಲ ಮರಿ."

ಇವನು ಬೀರುವಿನ ಕಡೆ ಬೆರಳು ತೋರಿಸಿದ. "ಇದಾರಲ್ಲ. ನಿಮ್ಮಪ್ಪ."

ನಿನ್ನ ತಂದೆ ಎದ್ದು ಹೋದರು. ಆ ದಿನ ಊಟ ಮಾಡಲಿಲ್ಲ. ಅವರ ಮೇಲೆ ನನಗಿರುವ ಸಿಟ್ಟು ಬೆಟ್ಟದಷ್ಟು. ಆದರೂ ಆ ಹೊತ್ತು ಅವರ ಬೆನ್ನು ನೋಡಿ ಅಯ್ಯೋ ಅನ್ನಿಸಿತು. ಅಪ್ಪ ಬರುತ್ತಾರೆ ಎಂದು ಬಾಗಿಲು ಕಾದ ಮಗು ಅವರೂ ಒಂದು ಕಾಲಕ್ಕೆ.

ನೆಂಟರ ಮುಂದೆ ಆದ ಈ ಅವಮಾನವನ್ನು ಸರ್ವಿಯಸ್ ಬಿಡುವವನಲ್ಲ. ದೂರದ ಬ್ರುಂಡಿಸಿಯಂ ಕಡೆ ಅವನ ಪರಿಚಯದವನೊಬ್ಬ ಇದ್ದಾನೆ, ಆಸ್ತಿಯಿದೆ, ಮಕ್ಕಳಿಲ್ಲ. ಹುಡುಗನನ್ನು ಅವನಿಗೆ ದತ್ತು ಕೊಟ್ಟುಬಿಡಿ ಎಂದ. "ನಮ್ಮ ಹೆಸ್ರು ಬೇಡ ಅನ್ನೋನಿಗೆ ನಮ್ಮ ಮನೆ ಯಾಕೆ?" ನಿನ್ನ ತಂದೆ ಕೂಡಲೇ ಒಪ್ಪಲಿಲ್ಲ. ಕೊನೆಗೆ ಗಡುವು ಕೊಟ್ಟರು. ಫೆಬ್ರವರಿಯಲ್ಲಿ ಹಿರಿಯರ ದಿನಗಳು ಮುಗಿದ ಮರುದಿನ ಬಂಧುಗಳ ಊಟ ಇದೆಯಲ್ಲ, ಅವತ್ತು ಮನೆದೇವರ ಎಡೆಯನ್ನು ಒಲೆಯ ತನಕ ಒಯ್ಯುವುದು ಈ ಸಲ ಇವನ ಪಾಲಿಗೆ ಬಂದಿದೆ. ಎಲ್ಲರ ಮುಂದೆ ಟೈಟಸ್ ಎಂದು ಕರೆಯುತ್ತಾರೆ. ಓಗೊಟ್ಟು ಎದ್ದರೆ ಸರಿ. ಏಳದಿದ್ದರೆ ಮಾರ್ಚಿನಲ್ಲಿ ಬ್ರುಂಡಿಸಿಯಂ.

ಹೋದರೆ ಅವನು ನಮ್ಮವನಲ್ಲ. ಬೇರೆ ಮನೆತನ, ಬೇರೆ ದೇವರು. ನಾನು ಅವನ ಅಜ್ಜಿಯೂ ಅಲ್ಲ. ಜ್ವರ ಬಂದರೆ ನೀರು ಕೊಡುವವರು ಯಾರೋ. ರಾತ್ರಿ ಒದ್ದುಕೊಂಡ ಹೊದಿಕೆಯನ್ನು ಯಾರು ಎಳೆದು ಹೊದಿಸುತ್ತಾರೋ.

ನೀನು ಹೆಸರು ಉಳಿಸು ಎನ್ನುತ್ತೀಯ. ಉಳಿಸಿದರೆ ಮಗು ಹೋಗುತ್ತದೆ. ಹೇಳು ಮಗನೇ, ಏನು ಮಾಡಲಿ? ಅಪ್ಪ ನೀನು, ನೀನು ಹೇಳಿದ ಹಾಗೆ. ಊಟದ ದಿನದೊಳಗೆ ನಿನ್ನ ಉತ್ತರ ನನಗೆ ಸಿಗಬೇಕು. ಮಂಜಿನ ದಾರಿಯಲ್ಲಿ ಸಿಗುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಅಮ್ಮ


ಮಸ್ಸಿಲಿಯ
ಫೆಬ್ರವರಿ ಒಂದು

ಅಮ್ಮನಿಗೆ.

ನಿನ್ನ ಕಡೆಯಿಂದ ಸುದ್ದಿ ಇಲ್ಲ. ದಾರಿಯಲ್ಲಿ ಮಂಜು ಬಿದ್ದಿದೆಯಂತೆ, ಕಾಯುತ್ತೇನೆ. ರೋಮಿನ ಕಡೆ ಬರುವವನೊಬ್ಬ ಸಿಕ್ಕಿದ, ಅದಕ್ಕೆ ನಾಲ್ಕು ಸಾಲು.

ಇವತ್ತು ನನಗೆ ಸಂತೋಷ. ಯಾಕೆಂದು ಕೇಳಿದರೆ ಕಾರಣವಿಲ್ಲ. ಬಿಸಿಲು ಬಂದಿದೆ, ಅಷ್ಟೆ. ಪಾಠಕ್ಕೆ ಬರುವ ಮಕ್ಕಳಲ್ಲಿ ಒಬ್ಬ ತುಂಟ ಇದ್ದಾನೆ, ಕರೆದರೆ ಕೇಳಿಸದ ಹಾಗೆ ನಟಿಸುತ್ತಾನೆ. ಬೈಯಲು ಹೋಗಿ ನಮ್ಮವನ ನೆನಪಾಗಿ ಒಂದು ಅಂಜೂರ ಕೊಟ್ಟೆ. ಈಗ ಎಲ್ಲ ಮಕ್ಕಳೂ ಕಿವುಡರಾಗಿದ್ದಾರೆ.

ಏನೇ ಹೋದರೂ ನನ್ನ ಹೆಸರು ನಿನ್ನ ಹತ್ತಿರ ಭದ್ರವಾಗಿದೆ ಎನ್ನುವುದೊಂದು ಧೈರ್ಯ. ಆ ಧೈರ್ಯದಲ್ಲೇ ನಿದ್ದೆ ಬರುತ್ತದೆ ಅಮ್ಮ. ಅವನು ದೊಡ್ಡವನಾಗಿ ಗಂಡಸರ ಟೋಗಾ ತೊಟ್ಟ ದಿನ ನನ್ನನ್ನು ಹುಡುಕಿಕೊಂಡು ಬರುತ್ತಾನೆ. ಬಂದರಿನಲ್ಲಿ ಇಳಿದು "ನಾನು ಔಲಸ್" ಅಂದರೆ ಸಾಕು. ಮುಖ ಮರೆತಿದ್ದರೂ ಗುರುತು ಹಿಡಿಯುತ್ತೇನೆ.

ನಿನ್ನ
ಔಲಸ್


ರೋಮ್
ಫೆಬ್ರವರಿ, ಬಂಧುಗಳ ಊಟದ ಮರುದಿನ

ಹೆರೆನಿಯಾ ಔಲಸನಿಗೆ.

ನಿನ್ನ ಸಂತೋಷದ ಕಾಗದ ಇವತ್ತು ಬೆಳಿಗ್ಗೆ ತಲುಪಿತು. ನಿನ್ನೆ ಊಟ ಮುಗಿಯಿತು.

ಹಿರಿಯರ ದಿನಗಳಲ್ಲಿ ಅವನನ್ನು ಕರೆದುಕೊಂಡು ಆಪ್ಪಿಯನ್ ದಾರಿಯಲ್ಲಿರುವ ನಮ್ಮ ಸಮಾಧಿಗೆ ಹೋಗಿದ್ದೆ. ಬುಟ್ಟಿಯಲ್ಲಿ ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ನೇರಳೆ ಬಣ್ಣದ ವಯೊಲೆಟ್ ಹೂವು. ಅಲ್ಲಿ ನಾವಿಬ್ಬರೇ. ನನಗೆ ಇನ್ನೂ ಏನು ಮಾಡುವುದೆಂದು ತೋಚಿರಲಿಲ್ಲ. ಅವನು ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿ ಓದಿದ. ಈಚೆಗೆ ಅಕ್ಷರ ಕೂಡಿಸುತ್ತಾನೆ.

"ಅಪ್ಪ ಇಲ್ಲಿಲ್ಲ" ಅಂದ.

"ಇಲ್ಲ" ಅಂದೆ.

"ಹಾಗಾದ್ರೆ ಬರ್ತಾರೆ."

ಅವನೇ ಮುಂದುವರಿಸಿದ. "ಅದಕ್ಕೇ ಅಜ್ಜಿ ನಾನು ಟೈಟಸ್ ಆಗಲ್ಲ ಅನ್ನೋದು. ಅಪ್ಪ ಬಂದು ಬಾಗ್ಲಲ್ಲಿ ನಿಂತ್ಕೊಂಡು ಔಲಸ್ ಅಂತ ಕೂಗ್ತಾರಲ್ಲ. ಆಗ ಯಾರೂ ಹೋಗ್ದೇ ಇದ್ರೆ? ಮನೆ ತಪ್ಪಾಯ್ತೇನೋ ಅಂತ ವಾಪಸ್ ಹೊರಟೋಗ್ತಾರೆ."

ನನ್ನ ಎದೆ ಒಡೆಯಿತು ಮಗನೇ. ಇದು ಹಟವಲ್ಲ, ಅವನು ನಿನಗೋಸ್ಕರ ಬಾಗಿಲು ಕಾಯುತ್ತಿದ್ದ. ನೀನು ಬಂದದ್ದಾಯಿತು, ಕೂಗಿದ್ದಾಯಿತು, ಬಾಗಿಲು ತೆರೆಯದೆ ಕಳಿಸಿದ್ದೂ ಆಯಿತು ಎಂದು ಅವನಿಗೆ ಹೇಗೆ ಹೇಳಲಿ?

ಕಾಯುತ್ತಿರುವವರೆಗೆ ಅವನು ಹೆಸರು ಬಿಡುವುದಿಲ್ಲ. ಅದು ಅಲ್ಲೇ ಗೊತ್ತಾಯಿತು. "ಅಪ್ಪ ಬರಲ್ಲ ಕಂದಾ" ಅಂದೆ.

"ಯಾಕೆ? ಸತ್ತೋದ್ರಾ?"

ಹೌದು ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಬುಟ್ಟಿಯಿಂದ ಒಂದು ಹಿಡಿ ಹೂವು ತೆಗೆದು ಕಲ್ಲಿನ ಮೇಲೆ, ಹೆಸರಿಲ್ಲದ ಜಾಗದಲ್ಲಿ ಇಟ್ಟೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಆಮೇಲೆ ತಾನೂ ಒಂದು ಹೂವು ತೆಗೆದು ಅದರ ಪಕ್ಕ ಇಟ್ಟ. ದಾರಿಯುದ್ದಕ್ಕೂ ನನ್ನ ಬೆರಳು ಹಿಡಿದು ನಡೆದ. ಅಳಲಿಲ್ಲ. ಅತ್ತಿದ್ದರೆ ನಾನು ಎಲ್ಲವನ್ನೂ ಬಾಯಿಬಿಟ್ಟುಬಿಡುತ್ತಿದ್ದೆ.

ನಿನ್ನೆ ಹಜಾರದ ತುಂಬ ಜನ. ಮೊದಲ ಸುತ್ತಿನ ಊಟ ಆದ ಮೇಲೆ ಮಾತು ನಿಂತಿತು. ನಿನ್ನ ತಂದೆ ಎಡೆಯ ತಟ್ಟೆ ಹಿಡಿದುಕೊಂಡು "ಟೈಟಸ್" ಎಂದು ಕರೆದರು. ಸರ್ವಿಯಸ್ ಕತ್ತು ಚಾಚಿದ.

"ಇದೀನಿ ತಾತ" ಎಂದು ಎದ್ದ.

ತಟ್ಟೆ ತೆಗೆದುಕೊಂಡು, ಒಂದು ಕಾಳೂ ಚೆಲ್ಲದ ಹಾಗೆ ನಡೆದು ಹೋಗಿ, ಎಡೆಯನ್ನು ಒಲೆಗೆ ಹಾಕಿ, ಪದ್ಧತಿಯ ಪ್ರಕಾರ "ದೇವರು ಒಪ್ಪಿಕೊಂಡ್ರು" ಎಂದು ಗಟ್ಟಿಯಾಗಿ ಹೇಳಿದ. ನಿನ್ನ ತಂದೆ ಅವನನ್ನು ಎಳೆದು ಎದೆಗೊತ್ತಿಕೊಂಡು ಎಲ್ಲರ ಎದುರಿಗೆ ಅತ್ತುಬಿಟ್ಟರು. ಬಂದವರು ಶಹಬ್ಬಾಸ್ ಅಂದರು. ಅವನು ತಾತನ ಭುಜದ ಮೇಲಿಂದ ನನ್ನನ್ನು ನೋಡುತ್ತಿದ್ದ.

ಮಗು ಇಲ್ಲೇ ಇದೆ. ಪಕ್ಕದಲ್ಲಿ ಮಲಗಿದೆ, ಹೊದಿಕೆ ಒದ್ದುಕೊಂಡು. ನನಗೆ ಎರಡರಲ್ಲಿ ಒಂದನ್ನೇ ಉಳಿಸಲು ಸಾಧ್ಯವಿತ್ತು, ಇವನನ್ನು ಉಳಿಸಿಕೊಂಡೆ. ನೀನು ಏನು ಬೇಕಾದರೂ ಅನ್ನು.

ಅಮ್ಮ


ಮಸ್ಸಿಲಿಯ
ಏಪ್ರಿಲ್ ಒಂದು

ಹೆರೆನಿಯಾಗೆ.

ನಿನ್ನ ಎರಡು ಕಾಗದಗಳೂ ಒಟ್ಟಿಗೇ ಬಂದವು. ಏನು ಮಾಡಲಿ ಎಂದು ಕೇಳಿದ್ದೂ, ಮಾಡಿ ಮುಗಿಸಿದ್ದೂ.

ಅಪ್ಪ ನನ್ನ ಹೆಸರು ತೆಗೆದರು. ಚಿಕ್ಕಪ್ಪ ನನ್ನ ಮನೆ ತೆಗೆದ. ಅವರಿಬ್ಬರೂ ನನ್ನನ್ನು ಜೀವಸಹಿತ ಬಿಟ್ಟಿದ್ದರು. ಹೂವಿಟ್ಟವಳು ನೀನು.

ಇನ್ನು ಬರೆಯಬೇಡ. ಸತ್ತವನಿಗೆ ಯಾರೂ ಕಾಗದ ಬರೆಯುವುದಿಲ್ಲ.


ರೋಮ್
ಮೇ, ಈಡ್ಸ್ ದಿನ

ನನ್ನ ಮಗನಿಗೆ.

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ಹೆತ್ತವಳ ಮೇಲೆ ಅಷ್ಟೂ ಸಿಟ್ಟು ಮಾಡದಿದ್ದರೆ ಇನ್ನಾರ ಮೇಲೆ ಮಾಡುತ್ತೀಯ? ಮಾಡು. ನಾನು ಮಾಡಿದ್ದು ಸರಿ ಎಂದು ವಾದಿಸಲು ಬರೆಯುತ್ತಿಲ್ಲ.

ಟೈಟಸನಿಗೆ, ಹಾಗೇ ಬರೆಯಬೇಕು ಈಗ, ಮೇಷ್ಟ್ರು ಕಾಗದ ಬರೆಯುವುದನ್ನು ಕಲಿಸುತ್ತಿದ್ದಾರೆ. ಯಾರಿಗೆ ಬರೆಯಲಿ ಎಂದು ನನ್ನನ್ನು ಕೇಳಿದ. ಮಸ್ಸಿಲಿಯದಲ್ಲಿ ನನಗೆ ಪರಿಚಯದವರೊಬ್ಬರು ಇದ್ದಾರೆ, ಅವರಿಗೆ ಬರೆ ಅಂದೆ. ಎರಡು ದಿನ ನಾಲಿಗೆ ಹೊರಗೆ ಚಾಚಿಕೊಂಡು ಬರೆದ. ಮಸಿ ಮೂಗಿಗೂ ಹತ್ತಿತ್ತು. ಒಂದಕ್ಷರವನ್ನೂ ನಾನು ತಿದ್ದಲಿಲ್ಲ, ಹೇಳಿಕೊಡಲೂ ಇಲ್ಲ. ಜೊತೆಗೆ ಇಟ್ಟಿದ್ದೇನೆ.

ಬೇಡವೆನಿಸಿದರೆ ಉತ್ತರ ಬರೆಯಬೇಡ. ಅವನು ಕೆಲವು ದಿನ ಕೇಳುತ್ತಾನೆ, ಆಮೇಲೆ ಮರೆಯುತ್ತಾನೆ. ಮಕ್ಕಳು ಮರೆಯುತ್ತಾರೆ, ಅದನ್ನು ನಾನೀಗ ಕಣ್ಣಾರೆ ನೋಡುತ್ತಿದ್ದೇನೆ.

ಅಮ್ಮ


ಮಸ್ಸಿಲಿಯದಲ್ಲಿರುವ ಅಜ್ಜಿಯ ಪರಿಚಯದವರಿಗೆ ಟೈಟಸ್ ಕಾಲ್ವೇನಿಯಸ್ ಮಾಡುವ ನಮಸ್ಕಾರಗಳು.

ನೀವು ಸುಖವಾಗಿದ್ದರೆ ಒಳ್ಳೆಯದು ನಾನೂ ಸುಖ. ಇದನ್ನು ಮೇಷ್ಟ್ರು ಹೇಳಿಕೊಟ್ಟರು. ಮಿಕ್ಕಿದ್ದು ನಾನೇ ಬರೆದಿದ್ದು.

ನಿಮ್ಮ ಹೆಸರು ಏನು? ಅಜ್ಜಿ ಹೇಳಲಿಲ್ಲ. ನಿಮ್ಮ ಊರಲ್ಲಿ ದೊಡ್ಡ ಹಡಗು ಇದೆಯಾ? ನಾನು ಅಕ್ರೋಟಿನ ಚಿಪ್ಪಲ್ಲಿ ಹಡಗು ಮಾಡ್ತೇನೆ ಆದರೆ ಇರುವೆ ಕೂರಿಸಿದರೆ ಮುಳುಗತ್ತೆ.

ನನಗೆ ಒಂದು ಹಲ್ಲು ಬಿತ್ತು. ನಾನೀಗ ದೇವರ ತಟ್ಟೆ ಒಯ್ಯುತ್ತೇನೆ ಚೆಲ್ಲುವುದಿಲ್ಲ. ತಾತನಿಗೆ ಕಣ್ಣು ಮಂಜು, ನಾನೇ ಕೈ ಹಿಡಿದುಕೊಂಡು ಹೋಗಬೇಕು.

ನಮ್ಮ ಅಪ್ಪ ಇಸ್ಪಾನಿಯದಲ್ಲಿ ಸತ್ತರು. ನೀವು ಇಸ್ಪಾನಿಯಕ್ಕೆ ಹೋಗಿದ್ದೀರಾ? ಹೋಗಿದ್ದರೆ ಅವರನ್ನು ನೋಡಿದ್ದೀರಾ? ಅವರ ಹೆಸರು ಬರೆಯಬಾರದು ಆದರೆ ಅವರು ತುಂಬಾ ಎತ್ತರ. ಅವರು ಬರುವುದಿಲ್ಲ ಅಂತ ಅಜ್ಜಿ ಹೇಳಿದರು. ನಿಜವಾಗಲೂ ಬರುವುದಿಲ್ಲವಾ? ಅಜ್ಜಿಗೆ ವಯಸ್ಸಾಗಿದೆ ಒಂದೊಂದು ಸಲ ತಪ್ಪು ಹೇಳ್ತಾರೆ. ಅದಕ್ಕೆ ನಿಮ್ಮನ್ನು ಕೇಳಿದೆ.

ನಿಮಗೆ ಮಕ್ಕಳಿದ್ದಾರಾ? ಇದ್ದರೆ ಅವರ ಹೆಸರು ಬರೆಯಿರಿ. ನಾನು ಅವರಿಗೂ ಕಾಗದ ಬರೆಯುತ್ತೇನೆ.

ಗಟ್ಟಿಯಾಗಿರಿ.
ಟೈಟಸ್ ಕಾಲ್ವೇನಿಯಸ್


ಮಸ್ಸಿಲಿಯ
ಜೂನ್, ಈಡ್ಸ್ ಕಳೆದ ಎರಡನೆಯ ದಿನ

ಟೈಟಸ್ ಕಾಲ್ವೇನಿಯಸನಿಗೆ ಅಜ್ಜಿಯ ಪರಿಚಯದವನು ಬರೆಯುವುದು.

ನಿನ್ನ ಕಾಗದ ತಲುಪಿತು. ಅಕ್ಷರ ಚೆನ್ನಾಗಿದೆ, ಸಾಲು ಮಾತ್ರ ಗುಡ್ಡ ಹತ್ತುತ್ತದೆ. ಸ್ವಲ್ಪ ದಿನದಲ್ಲಿ ಸರಿಹೋಗುತ್ತದೆ. ನನಗೆ ಇದುವರೆಗೆ ಬಂದ ಕಾಗದಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆದದ್ದನ್ನು ಮತ್ತೆ ಮತ್ತೆ ಅಳಿಸಬೇಕಾಯಿತು. ದೊಡ್ಡವರಿಗೂ ಹಾಗಾಗುತ್ತದೆ.

ನೀನು ಕೇಳಿದ್ದಕ್ಕೆಲ್ಲ ಹೇಳುತ್ತೇನೆ. ನಮ್ಮ ಬಂದರಿನಲ್ಲಿ ದೊಡ್ಡ ಹಡಗುಗಳಿವೆ. ಇರುವೆಯನ್ನು ಚಿಪ್ಪಿನ ನಡುವೆ ಕೂರಿಸು, ಅಂಚಿನಲ್ಲಿ ಕೂರಿಸಬೇಡ, ಆಗ ಮುಳುಗುವುದಿಲ್ಲ. ನನ್ನ ಹೆಸರು ಕೇಳಿದೆ. ಇಲ್ಲಿ ಎಲ್ಲರೂ ನನ್ನನ್ನು ರೋಮಿನವ ಅನ್ನುತ್ತಾರೆ, ನೀನೂ ಹಾಗೇ ಅನ್ನಬಹುದು.

ಬಿದ್ದ ಹಲ್ಲಿನ ಜಾಗದಲ್ಲಿ ನಾಲಿಗೆ ಆಡಿಸಬೇಡ, ಹೊಸದು ಸೊಟ್ಟ ಬರುತ್ತದೆ. ತಾತನ ಕೈ ಹಿಡಿದು ನಡೆಯುವಾಗ ಮೆಟ್ಟಿಲು ಬಂದರೆ ಮೊದಲೇ ಹೇಳು. ಅವರು ಜೋರಾಗಿ ಮಾತಾಡಿದರೂ ನಿನ್ನ ಮೇಲೆ ಬಹಳ ಪ್ರೀತಿ ಇಟ್ಟಿದ್ದಾರೆ.

ನಾನು ಇಸ್ಪಾನಿಯಕ್ಕೆ ಹೋಗಿದ್ದೆ. ನಿನ್ನ ತಂದೆಯನ್ನು ಅಲ್ಲಿ ನೋಡಿದ್ದೇನೆ. ನೀನು ಬರೆದ ಹಾಗೆ ತುಂಬ ಎತ್ತರದ ಆಳು. ಅವರ ಜೊತೆಗಿದ್ದ ಸಿಪಾಯಿಗಳೆಲ್ಲ ಜೀವಂತವಾಗಿ ಮನೆಗೆ ಹೋದರು, ಇದನ್ನು ನೆನಪಿಟ್ಟುಕೋ. ಅವರು ನಿನ್ನ ವಿಷಯ ತುಂಬ ಮಾತಾಡುತ್ತಿದ್ದರು.

ಅಜ್ಜಿ ನಿನಗೆ ತಪ್ಪು ಹೇಳಿಲ್ಲ. ನಿನ್ನ ತಂದೆ ಬರುವುದಿಲ್ಲ. ಇನ್ನು ಬಾಗಿಲಲ್ಲಿ ಕಾಯುವುದು ಬೇಡ, ಒಳಗೆ ಹೋಗಿ ಆಡಿಕೋ. ಅಜ್ಜಿಯನ್ನು ಚೆನ್ನಾಗಿ ನೋಡಿಕೋ, ಅವರು ಅತ್ತರೆ ಹತ್ತಿರ ಹೋಗಿ ಕೂತುಕೋ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲವೆಂದು ಹೇಳು.

ನನಗೆ ಮಕ್ಕಳಿದ್ದಾರಾ ಎಂದು ಕೇಳಿದೆ. ಒಬ್ಬ ಮಗ ಇದ್ದಾನೆ. ನಿನ್ನಷ್ಟೇ ದೊಡ್ಡವನು, ಅವನಿಗೂ ಈಚೆಗೆ ಒಂದು ಹಲ್ಲು ಬಿತ್ತು. ಅವನು ನನ್ನ ಜೊತೆ ಇಲ್ಲ, ಅವನ ತಾತನ ಮನೆಯಲ್ಲಿ ಬೆಳೆಯುತ್ತಿದ್ದಾನೆ.

ಅವನ ಹೆಸರೂ ಟೈಟಸ್.

ಮಸ್ಸಿಲಿಯದ ರೋಮಿನವ